ಕುಳ್ಳನಿಗೆ ಗಡ್ಡ, ಕೊಡಲಿ ಇಷ್ಟೇ ಸಾಕಾ?

ಶಿರ್ವದ ಮನೆಯಿಂದಲೇ ಆಫೀಸು ಕೆಲಸ ಮಾಡುವ ನನಗೆ ಶನಿವಾರ ರಾತ್ರಿ ಅಂದ್ರೆ ಡಂಜನ್ಸ್ ಆಂಡ್ ಡ್ರಾಗನ್ಸ್. ಕರೆಂಟು ಇದ್ದರೆ. ಗೊತ್ತಿಲ್ಲದವರಿಗೆ: 1974ರಲ್ಲಿ ಅಮೆರಿಕದಲ್ಲಿ ಶುರುವಾದ ಆಟ ಇದು. ಒಬ್ಬ ಕಥೆ ನಡೆಸ್ತಾನೆ, ಉಳಿದವರದ್ದು ಒಂದೊಂದು ಪಾತ್ರ, ಕೈಹಾಕಿದ ಕೆಲಸ ಆಯ್ತಾ ಇಲ್ವಾ ಅಂತ ದಾಳ ಹೇಳುತ್ತೆ. ನಾವು ಐದು ಜನ ಕಾಲೇಜು ಗೆಳೆಯರು ವೀಡಿಯೊ ಕಾಲ್‌ನಲ್ಲಿ ಆಡ್ತೇವೆ. ಕಥೆ ನಡೆಸೋದು ನಾನು.

ಈ ಸಲ ಒಬ್ಬ "ನಾನು ಡ್ವಾರ್ಫ್ ಆಗ್ತೇನೆ" ಅಂದ. ಎಲ್ಲರೂ ನಕ್ಕೆವು. ಹಾಸ್ಟೆಲ್‌ನಲ್ಲಿ ನಾಲ್ಕು ವರ್ಷ ನಾವು ಅವನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ, 'ಕುಳ್ಳ' ಅಂದದ್ದೇ ಹೆಚ್ಚು. ಕಾಲ್ ಮುಗಿದ ಮೇಲೆ ನನಗೊಬ್ಬನಿಗೇ ಮೆಸೇಜ್ ಬಂತು: "ಕಾಮಿಡಿ ಪಾತ್ರ ಮಾಡ್ಬೇಡ ಮಾರಾಯ."

ಹಾಗಾಗಿ ಹಳೇ ಪುಸ್ತಕ ತೆಗೆದೆ. ಜಿಮ್ ಬಾಂಬ್ರಾ ಬರೆದ 'ದಿ ಕಂಪ್ಲೀಟ್ ಬುಕ್ ಆಫ್ ಡ್ವಾರ್ವ್ಸ್', 1991ರದ್ದು, ಆಟದ ಎರಡನೇ ಆವೃತ್ತಿಗೆ ಪೂರಕ. ಆ ಆವೃತ್ತಿಯಲ್ಲಿ ಡ್ವಾರ್ಫ್‌ಗೆ ದೇಹಬಲದ ತಾಳಿಕೆ ಒಂದು ಅಂಕ ಜಾಸ್ತಿ, ಜನರನ್ನು ಸೆಳೆಯುವ ಗುಣ ಒಂದು ಅಂಕ ಕಡಿಮೆ, ಮಾಂತ್ರಿಕ ಆಗುವ ಹಾಗೇ ಇಲ್ಲ. ಆ ಕಡಿಮೆ ಅಂಕವನ್ನು ನಾನು ಮೊದಲೇ ತೆಗೆದುಹಾಕಿದೆ. ಆದರೆ ಒಂದು ನಿಯಮ ತುಂಬಾ ಚೆಂದ ಇದೆ. ನೆಲದಡಿ ದಾರಿ ಇಳಿಜಾರಾ ಅಂತ ಆರು ಮುಖದ ದಾಳದಲ್ಲಿ 1ರಿಂದ 5 ಬಿದ್ದರೆ ಅವನಿಗೆ ಗೊತ್ತಾಗುತ್ತೆ. ಎಷ್ಟು ಆಳದಲ್ಲಿದ್ದೇವೆ ಅಂತ ತಿಳಿಯಲು 1ರಿಂದ 3 ಬೀಳಬೇಕು.

ಪೂರಕದಲ್ಲಿ ಯೋಧರ ಬಗೆಬಗೆ ಪಟ್ಟಿ ಇದೆ, ಹೆಚ್ಚಿನದ್ದು ಹೆಸರು ಬದಲಾದ ಅದೇ ಕೊಡಲಿ. ನಾನು ಪುಟ ತಿರುವಿಬಿಟ್ಟೆ. ಬೆಲೆ ಇರೋದು ಗಣಿ ಮತ್ತು ಕೋಟೆಯ ಅಧ್ಯಾಯಗಳಿಗೆ. ಅಲ್ಲಿ ಡ್ವಾರ್ಫ್ ಒಬ್ಬ ಕಸುಬುದಾರ.

ಓದುವಾಗ ನನಗೆ ನೆನಪಾದದ್ದು ನಮ್ಮ ಕಡೆಯ ಸುರಂಗ. ಕಾಸರಗೋಡು, ದಕ್ಷಿಣ ಕನ್ನಡದಲ್ಲಿ ಕೆಂಪುಕಲ್ಲಿನ ಗುಡ್ಡಕ್ಕೆ ಅಡ್ಡ ಕೊರೀತಾರೆ, ಒಬ್ಬ ಹೋಗುವಷ್ಟೇ ಜಾಗ. ನೀರು ಸಿಕ್ಕರೆ ಪಂಪ್ ಬೇಡ, ತಾನಾಗಿ ಹರಿದು ಬರುತ್ತೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸ ಮುಗಿಸಿ ಬಂದು ಒಬ್ಬರೇ ಕೊರೆದವರು. ಮೊದಲ ಸುರಂಗಗಳಲ್ಲಿ ನೀರೇ ಇಲ್ಲ. ಬಿಡಲಿಲ್ಲ. ಕೊನೆಗೆ ಬೋಳು ಗುಡ್ಡದಲ್ಲಿ ತೋಟ ಎಬ್ಬಿಸಿದರು, 2022ರಲ್ಲಿ ಪದ್ಮಶ್ರೀ ಬಂತು. ಪುಸ್ತಕದ ಗಣಿ ಅದಿರು, ರತ್ನಕ್ಕೆ. ನಾನು ಅದನ್ನೇ ನೀರಿಗೆ ತಿರುಗಿಸಿದೆ: ಊರಿಗೆ ಬರ, ಎದುರಿಗೊಂದು ಗುಡ್ಡ.

ಬರೀ ಹೊಡೆದಾಟ ಬೇಕಾದವರು ಈ ಪುಸ್ತಕ ಹುಡುಕೋದು ಬೇಡ. 2024ರ ಹೊಸ ನಿಯಮಗಳೇ ಸಾಕು, ಅದರಲ್ಲಿ ಡ್ವಾರ್ಫ್‌ಗೆ ಪ್ರತಿ ಹಂತಕ್ಕೂ ಒಂದು ಜೀವಾಂಕ ಜಾಸ್ತಿ. ಕಥೆ ನಡೆಸುವವರು ಮಾತ್ರ ಓದಲೇಬೇಕು.

ಕಳೆದ ಶನಿವಾರ ಜೋರು ಮಳೆ. ಅವನ ಡ್ವಾರ್ಫ್ ಒಬ್ಬನೇ ಒಳಗೆ, ಉಳಿದವರು ಹೊರಗೆ ಮಣ್ಣು ಹೊರ್ತಾ ಇದ್ದಾರೆ. ಯಾರೂ ಮ್ಯೂಟ್ ಮಾಡಿ ಫೋನ್ ನೋಡ್ತಾ ಇರಲಿಲ್ಲ. ಎಷ್ಟು ಆಳ ಅಂತ ದಾಳ ಹಾಕಿದ. 4 ಬಿತ್ತು.

"ಗೊತ್ತಾಗ್ಲಿಲ್ಲ" ಅಂದೆ.

"ಅಡ್ಡಿಲ್ಲ, ಇನ್ನೂ ಅಗೀತೇನೆ."

ಅಷ್ಟರಲ್ಲಿ ನಮ್ಮಲ್ಲಿ ಕರೆಂಟು ಹೋಯ್ತು.