ಧರ್ಮಬೋಧೆಯೇ ಬೇರೆ, ಧರ್ಮದ ಅಧ್ಯಯನವೇ ಬೇರೆ

ರಾಯಚೂರು ಜಿಲ್ಲೆಯ ಕಾಲೇಜೊಂದರಲ್ಲಿ ನಾನು ಇತಿಹಾಸ ಬೋಧಿಸುತ್ತಿದ್ದ ದಿನಗಳ ಮಾತು. ಮೊಹರಂ ರಜೆ ಮುಗಿಸಿಕೊಂಡು ಮುದಗಲ್ಲಿನ ಕಡೆಯ ಹಳ್ಳಿಯಿಂದ ಬಂದ ವಿದ್ಯಾರ್ಥಿಯೊಬ್ಬ ತರಗತಿಯಲ್ಲಿ ಎದ್ದು ನಿಂತ. ‘ಸರ್, ನಮ್ಮೂರಿನಲ್ಲಿ ಒಂದೂ ಮುಸ್ಲಿಂ ಮನೆಯಿಲ್ಲ. ಆದರೂ ನಮ್ಮ ತಾತನ ಕಾಲದಿಂದ ಅಲಾಯಿ ದೇವರನ್ನು ನಮ್ಮ ಮನೆಯವರೇ ಹೊರುತ್ತಾರೆ. ಅದು ಯಾರ ದೇವರು?’ ಎಂದು ಕೇಳಿದ. ಮುದಗಲ್ಲಿನ ಕೋಟೆಗಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ನಡೆಸಿದ ಯುದ್ಧಗಳನ್ನು ನಾನು ಅವನಿಗೆ ಕಲಿಸಿದ್ದೆ. ಆದರೆ ಕ್ರಿ.ಶ. 680ರಲ್ಲಿ ಕರ್ಬಲಾದ ಮರಳಿನಲ್ಲಿ ನಡೆದ ದುರಂತದ ನೆನಪು ಕೃಷ್ಣಾ–ತುಂಗಭದ್ರೆಯರ ನಡುವಿನ ಒಕ್ಕಲುಮನೆಗೆ ಹೇಗೆ ಬಂದು ಸೇರಿತೆಂದು ವಿವರಿಸುವ ಸಿದ್ಧತೆ ನನ್ನಲ್ಲಿರಲಿಲ್ಲ. ‘ಅದು ಧರ್ಮದ ವಿಷಯ, ಪಠ್ಯದಲ್ಲಿಲ್ಲ’ ಎಂದು ಹೇಳಿ ಅವನನ್ನು ಕೂರಿಸಿದೆ.

ಆ ಉತ್ತರ ಸುಳ್ಳಾಗಿರಲಿಲ್ಲ. ಆದರೆ ಅದು ಅಧ್ಯಾಪಕನೊಬ್ಬ ಕೊಡಬಹುದಾದ ಉತ್ತರವೂ ಆಗಿರಲಿಲ್ಲ. ಹುಟ್ಟಿನಿಂದ ಸಾವಿನವರೆಗೆ, ಬಿತ್ತನೆಯಿಂದ ಚುನಾವಣೆಯವರೆಗೆ ಧರ್ಮದ ಸ್ಪರ್ಶವಿಲ್ಲದ ಸಂಗತಿ ನಮ್ಮ ಸಮಾಜದಲ್ಲಿ ವಿರಳ. ಇಂಥ ಸಮಾಜದ ವಿದ್ಯಾವಂತನೊಬ್ಬ ಹದಿನೈದು ವರ್ಷ ಓದಿ ಪದವೀಧರನಾದರೂ, ತನ್ನ ನೆರೆಯವನ ಧರ್ಮದ ಬಗೆಗೆ ಹೋಗಲಿ, ತನ್ನ ಧರ್ಮದ ಚರಿತ್ರೆಯ ಬಗೆಗೂ ಒಂದು ವ್ಯವಸ್ಥಿತ ಅಧ್ಯಾಯವನ್ನು ಓದಿರುವುದಿಲ್ಲ. ವಿದ್ಯಾಲಯಗಳು ತೆರವು ಮಾಡಿಕೊಟ್ಟ ಈ ಜಾಗ ಖಾಲಿಯಾಗಿ ಉಳಿದಿಲ್ಲ. ವೇದಿಕೆಯ ಭಾಷಣಗಳು, ಟಿ.ವಿ.ಯ ಚರ್ಚೆಗಳು, ಈಗ ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳು ಅದನ್ನು ತುಂಬಿಕೊಂಡಿವೆ.

ಈ ಮೌನಕ್ಕೆ ಸಂವಿಧಾನವೇ ಕಾರಣವೆಂದು ಹಲವರು ತಿಳಿದಿದ್ದಾರೆ. ಸಂವಿಧಾನದ 28ನೆಯ ವಿಧಿಯು ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಧರ್ಮಬೋಧೆಯನ್ನು ನಿಷೇಧಿಸುತ್ತದೆ, ನಿಜ. ಆದರೆ ಅದು ನಿಷೇಧಿಸಿರುವುದು ಬೋಧೆಯನ್ನೇ ಹೊರತು ಅಧ್ಯಯನವನ್ನಲ್ಲ. 1948ರ ಡಿಸೆಂಬರಿನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಈ ವಿಧಿಯ ಚರ್ಚೆ ನಡೆದಾಗ ಡಾ. ಅಂಬೇಡ್ಕರ್ ಅವರು, ಧರ್ಮಬೋಧೆಯೂ ಧರ್ಮದ ಸಂಶೋಧನೆ–ಅಧ್ಯಯನವೂ ಒಂದೇ ಅಲ್ಲವೆಂದು ಸ್ಪಷ್ಟವಾಗಿ ಹೇಳಿದ್ದರು. 1964–66ರ ಕೊಠಾರಿ ಆಯೋಗವೂ ಒಂದು ಧರ್ಮವನ್ನು ಕಲಿಸುವುದಕ್ಕೂ ಧರ್ಮಗಳ ಬಗೆಗೆ ಕಲಿಸುವುದಕ್ಕೂ ಇರುವ ಭೇದವನ್ನು ಗುರುತಿಸಿತ್ತು. ಅರುಣಾ ರಾಯ್ ಪ್ರಕರಣದಲ್ಲಿ 2002ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ಧರ್ಮಗಳ ಅಧ್ಯಯನ ಸಂವಿಧಾನಕ್ಕೆ ವಿರುದ್ಧವಲ್ಲವೆಂದಿತು. ಜೊತೆಗೆ, ಎರಡರ ನಡುವಿನ ಗೆರೆ ಬಹಳ ತೆಳುವಾದುದರಿಂದ ಅಧ್ಯಯನದ ಹೆಸರಿನಲ್ಲಿ ಬೋಧೆ ನುಸುಳದಂತೆ ಎಚ್ಚರ ಬೇಕೆಂಬ ಮಾತೂ ಆ ತೀರ್ಪಿನಲ್ಲಿತ್ತು. ಹೀಗೆ ದಾರಿ ತೆರೆದೇ ಇದೆ. ನಡೆಯಲು ಹಿಂಜರಿದವರು ನಾವು.

ಅಧ್ಯಯನದಿಂದ ಆಗುವ ಲಾಭವೇನೆಂದು ಕೇಳುವವರಿಗೆ ಎರಡು ಉದಾಹರಣೆಗಳನ್ನು ಕೊಡಬಯಸುತ್ತೇನೆ. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ಅವರು ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತು 1952ರಲ್ಲಿ ಪ್ರಕಟಿಸಿದ ಗ್ರಂಥವು ಆಚರಣೆಗಳನ್ನು ಪಟ್ಟಿ ಮಾಡಿ ಸುಮ್ಮನಾಗಲಿಲ್ಲ. ಆ ಆಚರಣೆಗಳು ಒಕ್ಕವನ್ನು, ಊರನ್ನು, ನಾಡನ್ನು ಹೇಗೆ ಬೆಸೆಯುತ್ತವೆ ಎಂಬುದನ್ನು ಅದು ತೋರಿಸಿತು. ಕೆಳಗಿನ ಜಾತಿಗಳು ಮೇಲಿನವರ ಆಚಾರಗಳನ್ನು ಅನುಸರಿಸಿ ಸ್ಥಾನಮಾನ ಬಯಸುವ ಪ್ರಕ್ರಿಯೆಗೆ ಅವರು ಕೊಟ್ಟ ‘ಸಂಸ್ಕೃತೀಕರಣ’ ಎಂಬ ಹೆಸರು ಆ ಅಧ್ಯಯನದಿಂದಲೇ ಹೊಮ್ಮಿತು. ಆ ಪರಿಕಲ್ಪನೆಯನ್ನು ಒಪ್ಪುವವರೂ ಖಂಡಿಸುವವರೂ ಇದ್ದಾರೆ. ಆದರೆ ಅದನ್ನು ಬಿಟ್ಟು ಭಾರತೀಯ ಸಮಾಜದ ಚರ್ಚೆ ಮುಂದುವರಿಯಲಾರದು.

ಎರಡನೆಯದು, ಬಿಜಾಪುರದ ಸೂಫಿಗಳನ್ನು ಕುರಿತು ರಿಚರ್ಡ್ ಈಟನ್ ಅವರು 1978ರಲ್ಲಿ ಪ್ರಕಟಿಸಿದ ಗ್ರಂಥ. ಸೂಫಿಗಳೆಲ್ಲರೂ ಪ್ರೇಮಸಂದೇಶವನ್ನಷ್ಟೇ ಸಾರಿದವರೆಂಬ ಭಾವುಕತೆಯನ್ನಾಗಲಿ, ಎಲ್ಲರೂ ಖಡ್ಗಧಾರಿಗಳೆಂಬ ದ್ವೇಷವನ್ನಾಗಲಿ ಆ ಗ್ರಂಥ ಉಳಿಯಗೊಡುವುದಿಲ್ಲ. ಯೋಧರು, ಸುಧಾರಕರು, ಕವಿಗಳು, ಇನಾಮು ಭೂಮಿಯ ಒಡೆಯರಾದವರು, ಎಲ್ಲವನ್ನೂ ತೊರೆದ ಫಕೀರರು ಹೀಗೆ ಹಲವು ಬಗೆಯವರು ಅಲ್ಲಿ ಕಾಣಿಸುತ್ತಾರೆ. ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರು ಹಾಡುತ್ತಿದ್ದ ದಖನಿ ಪದಗಳ ಮೂಲಕ ಸೂಫಿ ವಿಚಾರಗಳು ಮನೆಗಳನ್ನು ಹೊಕ್ಕ ಬಗೆಯೂ ಅಲ್ಲಿದೆ. ಕನ್ನಡದಲ್ಲಿ ರಹಮತ್ ತರೀಕೆರೆಯವರು ಸೂಫಿ, ನಾಥ, ಶಾಕ್ತ ಪಂಥಗಳ ಜಾಡು ಹಿಡಿದು ನಡೆಸಿದ ಕ್ಷೇತ್ರಕಾರ್ಯವೂ ಇದೇ ದಾರಿಯದು. ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿದ್ದುದು ಇಂಥ ಗ್ರಂಥಗಳ ನಡುವೆ. ನಾನೇ ಅವುಗಳನ್ನು ತೆರೆದದ್ದು ಆ ದಿನದ ನಂತರ.

ಇಂಥ ವಿದ್ವತ್ತಿಗೆ ನಾವು ಕೊಟ್ಟ ರಕ್ಷಣೆ ಎಷ್ಟು? ಡಾ. ಎಂ.ಎಂ. ಕಲಬುರ್ಗಿಯವರು ‘ಮಾರ್ಗ’ದ ಮೊದಲ ಸಂಪುಟದಲ್ಲಿ ಬರೆದ ಸಂಗತಿಗಳಿಗೆ ವಿರೋಧ ಎದ್ದಾಗ, 1989ರಲ್ಲಿ ಅವನ್ನು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಅವರ ಎಲ್ಲ ನಿಲುವುಗಳನ್ನು ನಾನು ಒಪ್ಪುವವನಲ್ಲ. ಆದರೆ ಶಾಸನ ಮತ್ತು ಹಸ್ತಪ್ರತಿಗಳನ್ನು ಮುಂದಿಟ್ಟು ಮಾಡಿದ ವಾದಕ್ಕೆ ಶಾಸನ ಮತ್ತು ಹಸ್ತಪ್ರತಿಗಳಿಂದಲೇ ಉತ್ತರ ಬರಬೇಕೆಂಬ ನಂಬಿಕೆ ಸಮಾಜದಲ್ಲಿ ಬೇರೂರದಿದ್ದರೆ, ಸಂಶೋಧಕನು ಒಂಟಿಯಾಗುತ್ತಾನೆ. ಆ ನಂಬಿಕೆಯನ್ನು ಬೆಳೆಸಬೇಕಾದ ಸ್ಥಳ ತರಗತಿಯಲ್ಲದೆ ಬೇರೆ ಯಾವುದು?

ಎರಡು ಕಡೆಯಿಂದಲೂ ಆಕ್ಷೇಪಣೆಗಳಿವೆ. ಶ್ರದ್ಧಾವಂತರು ಹೇಳುವುದು: ದೇವರನ್ನು ಪರೀಕ್ಷೆಯ ಪ್ರಶ್ನೆಯಾಗಿಸಿದರೆ ಭಕ್ತಿ ಬತ್ತುತ್ತದೆ. ಅವರಿಗೆ ನನ್ನ ವಿನಮ್ರ ಉತ್ತರವಿಷ್ಟೆ. ಪ್ರಶ್ನೆಗೆ ಹೆದರುವುದು ಶ್ರದ್ಧೆಯ ಲಕ್ಷಣವಲ್ಲ; ನಮ್ಮ ದರ್ಶನಗಳು ಬೆಳೆದದ್ದೇ ಪೂರ್ವಪಕ್ಷವನ್ನು ಮೊದಲು ನ್ಯಾಯವಾಗಿ ನಿರೂಪಿಸಿ, ಅನಂತರ ಖಂಡಿಸುವ ಪದ್ಧತಿಯಿಂದ. ವಿಚಾರವಾದಿಗಳ ಭಯ ಇನ್ನೂ ಗಂಭೀರವಾದುದು. ಅಧಿಕಾರದಲ್ಲಿರುವವರು ಅಧ್ಯಯನದ ನೆಪದಲ್ಲಿ ತಮ್ಮ ಧರ್ಮವನ್ನು ಪಠ್ಯಕ್ಕೆ ತುರುಕುವುದಿಲ್ಲವೇ? 2022ರ ಪಠ್ಯಪುಸ್ತಕ ಪರಿಷ್ಕರಣೆಯ ವಿವಾದದಲ್ಲಿ ಬಸವಣ್ಣನವರ ಪಾಠದ ಬಗೆಗೇ ಮಠಾಧೀಶರು ಆಕ್ಷೇಪವೆತ್ತಿದ್ದನ್ನು ಕಂಡ ನಾನು ಈ ಭಯವನ್ನು ಅಲ್ಲಗಳೆಯಲಾರೆ. ಆದುದರಿಂದಲೇ ಆರಂಭ ಶಾಲೆಯಿಂದ ಆಗಬಾರದು, ವಿಶ್ವವಿದ್ಯಾಲಯದಿಂದ ಆಗಬೇಕು ಎಂಬುದು ನನ್ನ ವಾದ. ಅರ್ಹ ಅಧ್ಯಾಪಕರೇ ಇಲ್ಲದೆ ಮಕ್ಕಳ ಕೈಗೆ ಪುಸ್ತಕ ಕೊಡುವುದು ಅಪಾಯಕರ.

ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯವು 1967ರಲ್ಲಿಯೇ ಗುರು ಗೋವಿಂದ ಸಿಂಗರ ಹೆಸರಿನಲ್ಲಿ ಧರ್ಮಾಧ್ಯಯನ ವಿಭಾಗವನ್ನು ತೆರೆಯಿತು. ಸಿಖ್ ಗುರುವಿನ ಹೆಸರಿದ್ದರೂ ಅಲ್ಲಿ ಹಿಂದೂ, ಬೌದ್ಧ, ಇಸ್ಲಾಂ, ಕ್ರೈಸ್ತ ಮತ್ತು ಸಿಖ್ ಧರ್ಮಗಳ ಅಧ್ಯಯನಕ್ಕೆ ಒಂದೇ ಸೂರಿನಡಿ ಸ್ಥಾನ ಕಲ್ಪಿಸಲಾಯಿತು. ನಮ್ಮ ವಿಶ್ವವಿದ್ಯಾಲಯಗಳಲ್ಲಿಯೂ ಬಸವ ಅಧ್ಯಯನ ಪೀಠವಿದೆ, ಜೈನಶಾಸ್ತ್ರ ವಿಭಾಗವಿದೆ, ಸಂತರ ಹೆಸರಿನ ಪೀಠಗಳಿವೆ. ಅವುಗಳ ಪ್ರಕಟಣೆಗಳ ಮೌಲ್ಯ ದೊಡ್ಡದು. ಆದರೆ ಒಂದೊಂದು ಪೀಠವೂ ಆಯಾ ಸಮುದಾಯದ ಅಂಗಳವಾಗಿ ಉಳಿದರೆ, ಅಲ್ಲಿ ಗೌರವ ಬೆಳೆಯುತ್ತದೆಯೇ ಹೊರತು ತುಲನಾತ್ಮಕ ದೃಷ್ಟಿ ಬೆಳೆಯುವುದಿಲ್ಲ. ಜೈನ ಶಾಸನ ಬಲ್ಲವನೂ ವಚನ ಬಲ್ಲವನೂ ದಖನಿ ಬಲ್ಲವನೂ ಒಂದೇ ಮೇಜಿನ ಸುತ್ತ ಕುಳಿತು ಪಾಠ ಮಾಡುವ ಒಂದು ವಿಭಾಗ ರಾಜ್ಯದ ಯಾವುದಾದರೂ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಆರಂಭವಾಗಲಿ. ಪಠ್ಯಕ್ರಮ ನಿರ್ಧರಿಸುವ ಹೊಣೆ ವಿದ್ವಾಂಸರದಾಗಿರಲಿ, ಸಚಿವಾಲಯದ್ದಾಗಲಿ ಮಠದ್ದಾಗಲಿ ಬೇಡ. ಶಿಕ್ಷಕರ ತರಬೇತಿಯಲ್ಲಿ ನೆರೆಯವರ ಧರ್ಮಗಳನ್ನು ಪರಿಚಯಿಸುವ ಒಂದು ಪತ್ರಿಕೆ ಸೇರಲಿ.

ಇದರಿಂದ ಕೋಮುಗಲಭೆಗಳು ನಿಂತುಬಿಡುತ್ತವೆಂದು ನಾನು ಹೇಳಲಾರೆ. ಬಹಳ ಓದಿದವರೂ ದ್ವೇಷಿಸಬಲ್ಲರೆಂಬುದನ್ನು ಚರಿತ್ರೆ ಸಾಕಷ್ಟು ತೋರಿಸಿದೆ. ಆದರೆ ತನ್ನ ಮನೆಯವರು ಹೊರುವ ದೇವರು ಯಾರದೆಂದು ಕೇಳುವ ಹುಡುಗ ಈಗಲೂ ಇದ್ದಾನೆ, ಮುಂದೆಯೂ ಇರುತ್ತಾನೆ. ಅವನ ಪ್ರಶ್ನೆ ಪ್ರಾಮಾಣಿಕವಾದುದು. ಅಧ್ಯಾಪಕ ಅವನನ್ನು ಸುಮ್ಮನೆ ಕೂರಿಸಿದರೆ, ಕಾಲೇಜಿನ ಹೊರಗೆ ಅವನಿಗೆ ಉತ್ತರ ಕೊಡಲು ಕಾದು ನಿಂತವರು ಬಹಳ ಮಂದಿ. ಅವರ ಕೈಯಲ್ಲಿ ಪುಸ್ತಕವಿರುವುದಿಲ್ಲ.