ತಪ್ಪಿದ ಮರುದಿನ

ಜನವರಿ ಮೊದಲ ವಾರ ಬೆಳಗ್ಗೆ ಲಾಲ್‌ಬಾಗಿಗೆ ಹೋದರೆ ಎಲ್ಲಿ ನೋಡಿದರೂ ಹೊಸ ಶೂಗಳು. ಶಿವರಾತ್ರಿ ಹೊತ್ತಿಗೆ ಉಳಿಯುವವರು ಹಳೆಯ ಮಂದಿಯೇ: ಮಫ್ಲರ್ ಸುತ್ತಿಕೊಂಡು ಚಪ್ಪಲಿಯಲ್ಲೇ ನಡೆಯುವ, ಅರ್ಧ ದಾರಿಯಲ್ಲಿ ಕಲ್ಲುಬೆಂಚಿಗೆ ಒರಗಿ ರಾಜಕೀಯ ಹರಟುವ ಹಿರಿಯರು. ಮಾಯವಾದವರನ್ನು ಆರಂಭಶೂರರು, ಸೋಮಾರಿಗಳು ಎಂದು ನಗುವುದು ಸುಲಭ. ನನಗೇನೋ ಅವರನ್ನು ಕೆಡಿಸಿದ್ದು ಹಟ ಅನ್ನಿಸುತ್ತದೆ. ಐದಕ್ಕೆ ಏಳಬೇಕು, ಹತ್ತು ಸಾವಿರ ಹೆಜ್ಜೆ ಹಾಕಬೇಕು, ಸಕ್ಕರೆ ಮುಟ್ಟಬಾರದು, ಅನ್ನ ಬಿಡಬೇಕು, ಎಲ್ಲವೂ ಒಂದೇ ಸೋಮವಾರದಿಂದ. ಗುರುವಾರ ನೆಂಟರ ಮನೆಯ ನಾಮಕರಣದಲ್ಲಿ ಒಂದು ಹೋಳಿಗೆ ಎಲೆಗೆ ಬಿತ್ತೋ, ವ್ರತಭಂಗ. ‘ಹೇಗೂ ಕೆಟ್ಟಿತಲ್ಲ’ ಎಂದು ಎರಡನೆಯದನ್ನೂ ಹಾಕಿಸಿಕೊಂಡು, ಮೇಲೆ ತುಪ್ಪ ಬಿಡಿಸಿಕೊಳ್ಳುತ್ತಾರೆ.

ಈ ಎರಡನೇ ಹೋಳಿಗೆಯ ಹಿಂದಿನ ಮನಸ್ಸನ್ನು ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಹಿಡಿದಿದ್ದಾರೆ. ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ 1975ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ಹುಡುಗಿಯರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ರುಚಿ ಹೇಳಿ ಎಂಬ ನೆಪದಲ್ಲಿ ಐಸ್‌ಕ್ರೀಮ್ ಮುಂದಿಟ್ಟರು. ಊಟದ ಬಗ್ಗೆ ತಲೆ ಕೆಡಿಸಿಕೊಳ್ಳದ ಹುಡುಗಿಯರು ಮಿಲ್ಕ್‌ಶೇಕ್ ಆದ ಮೇಲೆ ಐಸ್‌ಕ್ರೀಮ್ ಕಡಿಮೆ ತಿಂದರು. ಸದಾ ಪಥ್ಯದಲ್ಲಿರುವವರು ಹೆಚ್ಚು ತಿಂದರು. ಕಟ್ಟು ಒಮ್ಮೆ ಮುರಿದ ಮೇಲೆ ಕಾಯಲು ಏನೂ ಉಳಿದಿರಲಿಲ್ಲ. ಮೊದಲ ಹೋಳಿಗೆಯಿಂದ ಆಗುವ ನಷ್ಟ ಅಷ್ಟಕ್ಕಷ್ಟೆ, ಅದು ಲೆಕ್ಕಕ್ಕೇ ಬೇಡ. ಬೈಟು ಕಾಫಿ ಕುಡಿಯುವ ಊರಿನಲ್ಲಿ ಹೋಳಿಗೆಯನ್ನು ಅರ್ಧ ಮಾಡಿಕೊಳ್ಳಲು ನಾಚಿಕೆಯೇಕೋ ತಿಳಿಯದು.

ಹತ್ತು ಸಾವಿರ ಹೆಜ್ಜೆಯ ಕತೆಯೂ ಸ್ವಾರಸ್ಯವಾಗಿದೆ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ತಂದು ಅದಕ್ಕೆ ‘ಮಾನ್‌ಪೊ-ಕೆ’, ಹತ್ತು ಸಾವಿರ ಹೆಜ್ಜೆಯ ಮಾಪಕ, ಎಂದು ಹೆಸರಿಟ್ಟಿತು. ಅಂಗಡಿಯ ಆ ಅಂಕಿ ಈಗ ಎಲ್ಲರ ಕೈಗಡಿಯಾರದಲ್ಲಿ ಕೂತಿದೆ. ಹಾರ್ವರ್ಡಿನ ಐ-ಮಿನ್ ಲೀ ತಂಡ 2019ರಲ್ಲಿ, ಸರಾಸರಿ ವಯಸ್ಸು 72 ಇದ್ದ ಸುಮಾರು 17 ಸಾವಿರ ಅಮೆರಿಕನ್ ಮಹಿಳೆಯರ ಲೆಕ್ಕ ಕೊಟ್ಟಿತು. ದಿನಕ್ಕೆ 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಶೇ. 41ರಷ್ಟು ಕಡಿಮೆ, 7,500ರ ಆಚೆಗೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆರೋಗ್ಯ ಚೆನ್ನಾಗಿದ್ದವರೇ ಹೆಚ್ಚು ನಡೆದಿರಬಹುದು ಎಂಬ ಅನುಮಾನ ಇಂಥ ಅಧ್ಯಯನಗಳಿಗೆ ಇದ್ದದ್ದೇ. ಆದರೂ ಕೂತಲ್ಲೇ ಕೂರುವವನು ಮೊದಲು ಎದ್ದು ಹಾಕುವ ಹೆಜ್ಜೆಗಳೇ ಹೆಚ್ಚು ಬೆಲೆಯವು ಎನ್ನುವುದು ಬೇರೆ ಅಧ್ಯಯನಗಳಲ್ಲೂ ಕಂಡ ಸಂಗತಿ. ಕನಿಷ್ಠ ಹತ್ತು ನಿಮಿಷ ಒಂದೇ ಸಮನೆ ನಡೆದರಷ್ಟೇ ಲೆಕ್ಕ ಎಂಬ ಹಳೆಯ ಷರತ್ತನ್ನು ವಿಶ್ವ ಆರೋಗ್ಯ ಸಂಸ್ಥೆಯೇ 2020ರಲ್ಲಿ ಕೈಬಿಟ್ಟಿತು.

ಹಾಗಂತ ಎಲ್ಲದಕ್ಕೂ ‘ಸ್ವಲ್ಪ ಸ್ವಲ್ಪ’ ನಡೆಯುವುದಿಲ್ಲ. ಸಿಗರೇಟಿನ ವಿಷಯದಲ್ಲಿ ನಾನು ಹಟದ ಪಕ್ಷ. ಇಂಗ್ಲೆಂಡಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದೇ ದಿನ ಬಿಟ್ಟವರಲ್ಲಿ ಶೇ. 49 ಮಂದಿ ನಾಲ್ಕು ವಾರ ಕಳೆದರೂ ಮುಟ್ಟಿರಲಿಲ್ಲ. ಎರಡು ವಾರ ಕಡಿಮೆ ಮಾಡುತ್ತ ಬಂದು ಬಿಟ್ಟವರಲ್ಲಿ ಶೇ. 39 ಮಾತ್ರ. ಡಾಕ್ಟರು ಬರೆದುಕೊಟ್ಟ ಬಿಪಿ ಮಾತ್ರೆಯನ್ನೂ ಅರ್ಧರ್ಧ ನುಂಗಿ ‘ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ’ ಎನ್ನುವಂತಿಲ್ಲ. ಆದರೆ ನಡಿಗೆ, ನಿದ್ದೆ, ಊಟ ಬದುಕಿರುವಷ್ಟು ದಿನವೂ ಮಾಡಬೇಕಾದವು. ಅಲ್ಲಿ ತಪ್ಪುವ ದಿನಗಳು ಇದ್ದೇ ಇರುತ್ತವೆ: ಮಳೆ, ಜ್ವರ, ಮಗುವಿನ ಪರೀಕ್ಷೆ, ಊರಿನ ಜಾತ್ರೆ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿದಾಗ, ಹೊಸ ಕೆಲಸವೊಂದು ಯೋಚಿಸದೆ ಕೈಗೆ ಬರಲು ಕೆಲವರಿಗೆ 18 ದಿನ ಸಾಕಾಯಿತು, ಇನ್ನು ಕೆಲವರಿಗೆ 254 ದಿನ ಬೇಕಾದೀತು ಎಂದು ಅಂದಾಜಾಯಿತು. 21 ದಿನದ ಮಂತ್ರ ಹೇಳುವವರು ಇದನ್ನು ಗಮನಿಸಬೇಕು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿದೆ.

ಹಟದ ಪಥ್ಯದ ಇನ್ನೊಂದು ಮುಖವನ್ನು ಆರೋಗ್ಯದ ಅಂಕಣಗಳು ಹೇಳುವುದು ಕಡಿಮೆ. ಯಜಮಾನರು ಅನ್ನ ಬಿಟ್ಟು ನವಣೆ ಹಿಡಿದರೆಂದರೆ ಮನೆಯಾಕೆಗೆ ಇನ್ನೊಂದು ಅಡುಗೆ. ರಾತ್ರಿಯೇ ನವಣೆ ನೆನೆಹಾಕಬೇಕು. ಬೆಳಗ್ಗೆ ಮಕ್ಕಳ ಡಬ್ಬಿಗೆ ಚಿತ್ರಾನ್ನ, ಅತ್ತೆಗೆ ಮೆತ್ತನೆಯ ಅನ್ನ, ಇವರಿಗೆ ಎಣ್ಣೆಯಿಲ್ಲದ ಪಲ್ಯ. ಒಬ್ಬರ ಶಿಸ್ತು ಇನ್ನೊಬ್ಬರ ಬೆನ್ನುನೋವಾಗುತ್ತದೆ. ಆಕೆಯೋ ಎಲ್ಲರದ್ದೂ ಮುಗಿದ ಮೇಲೆ ಮಿಕ್ಕಿದ್ದನ್ನು ತಿಂದು, ವಾಕಿಂಗ್ ಎಂದರೆ ನಕ್ಕುಬಿಡುತ್ತಾಳೆ. ಒಂದೇ ಪಾತ್ರೆಯಲ್ಲಿ ಆಗುವ ಬದಲಾವಣೆ ಇದಕ್ಕಿಂತ ಎಷ್ಟೋ ವಾಸಿ. ಅಕ್ಕಿ ಒಂದು ಹಿಡಿ ಕಡಿಮೆ, ಹುಳಿಗೆ ತರಕಾರಿ ಒಂದು ಹಿಡಿ ಹೆಚ್ಚು, ಇದು ಮನೆಮಂದಿಗೆಲ್ಲ ಸೇರಿದ್ದು.

ಉಪ್ಪನ್ನೇ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕೂ ಒಳಗೆ. ಉಪ್ಪಿನಕಾಯಿ, ಹಪ್ಪಳ, ಉಪ್ಪು ಬೆರೆಸಿದ ಮೊಸರನ್ನ ಸೇರಿದರೆ ನಾವು ಅಷ್ಟರಲ್ಲಿ ನಿಲ್ಲುವುದಿಲ್ಲ. ಸಪ್ಪೆ ಊಟದ ಶಪಥ ಎರಡು ದಿನಕ್ಕೆ ಮುಗಿಯುತ್ತದೆ. ನಾಲಿಗೆಗಾದರೋ ಕೆಲವು ವಾರ ಕೊಟ್ಟರೆ ಕಡಿಮೆ ಉಪ್ಪಿಗೆ ಒಗ್ಗಿಕೊಳ್ಳುವ ಗುಣವಿದೆ. ಡಬ್ಬಿಯಲ್ಲಿರುವ ದೊಡ್ಡ ಚಮಚ ತೆಗೆದು ಚಿಕ್ಕದನ್ನು ಇಟ್ಟರೆ ಈ ವಾರದ ಕೆಲಸ ಆಯಿತು. ಸಾರು ಸಪ್ಪೆ ಎಂದು ಯಾರಾದರೂ ಗೊಣಗಿದರೆ ಉಪ್ಪಿನಕಾಯಿ ಭರಣಿ ಹೇಗೂ ಅಲ್ಲೇ ಇರುತ್ತದೆ. ಅದರ ಮಾತು ಮುಂದಿನ ತಿಂಗಳಿಗೆ ಇರಲಿ.