ಒಂದು ದೇಶಕ್ಕೆ ಎಷ್ಟು ನೆಲ ಬೇಕು?

ಒಂದು ದೇಶವು ಮುಂದುವರಿದಿದೆಯೆಂದು ಹೇಳಬೇಕಾದರೆ ಅದರ ಕಾರ್ಖಾನೆಗಳನ್ನೂ ವಿದ್ಯುತ್ತಿನ ಬಳಕೆಯನ್ನೂ ಲೆಕ್ಕ ಹಾಕುವುದು ವಾಡಿಕೆ. ಆದರೆ ಆ ಬಾಳುವೆಯನ್ನು ಹೊರಲು ಎಷ್ಟು ನೆಲ ಬೇಕೆಂಬ ಲೆಕ್ಕವೂ ಒಂದಿದೆ. 1990ರ ದಶಕದ ಆರಂಭದಲ್ಲಿ ಕೆನಡಾ ದೇಶದಲ್ಲಿ ವಿಲಿಯಂ ರೀಸ್ ಮತ್ತು ಮ್ಯಾಥಿಸ್ ವಾಕರ್ನಾಗೆಲ್ ಎಂಬವರು ಇದನ್ನು ರೂಪಿಸಿದರು. ನಾವು ಉಣ್ಣುವ ಅನ್ನ, ಉಡುವ ಬಟ್ಟೆ, ಉರಿಸುವ ಸೌದೆ ಇವಕ್ಕೆ ಬೇಕಾದ ಭೂಮಿ. ಜೊತೆಗೆ ಕಲ್ಲಿದ್ದಲು, ಪೆಟ್ರೋಲುಗಳ ಹೊಗೆಯ ಇಂಗಾಲವನ್ನು ಹೀರಲು ಬೇಕಾದ ಕಾಡು. ಇವೆಲ್ಲ ಕೂಡಿದ್ದೇ ಪರಿಸರದ ಮೇಲೆ ನಮ್ಮ ಹೆಜ್ಜೆಗುರುತು. ಪ್ರಪಂಚದ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಇಂಗಾಲದ್ದೇ.

ನಮ್ಮ ರೈತರಿಗೆ ತಿಳಿಯುವಂತೆ ಎಕರೆಯಲ್ಲಿ ಹೇಳುವುದಾದರೆ, ಈಚಿನ ವರ್ಷಗಳ ಅಂದಾಜಿನಂತೆ ಅಮೆರಿಕದ ಒಬ್ಬ ಪ್ರಜೆಗೆ 18ರಿಂದ 20 ಎಕರೆ ಬೇಕು; ಭಾರತೀಯನಿಗೆ ಸುಮಾರು 3. ಭೂಮಿಯು ಒಬ್ಬೊಬ್ಬರಿಗೆ ಕೊಡಬಲ್ಲದ್ದು 4 ಎಕರೆಗೂ ಕಡಿಮೆ.

ಇದನ್ನು ಕೇಳಿ, ನಾವು ಸರಳ ಜೀವಿಗಳೆಂದು ಬೀಗುವವರುಂಟು. ಈ ಹೆಮ್ಮೆ ನನಗೆ ಒಪ್ಪಿಗೆಯಿಲ್ಲ. ಆ ಸರಾಸರಿಯಲ್ಲಿ ನಗರದ ಹವಾನಿಯಂತ್ರಿತ ಬಂಗಲೆಯೂ ಇದೆ, ಸೌದೆಯ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುವ ತಾಯಿಯೂ ಇದ್ದಾಳೆ. ಆಕೆಯ ಹೆಜ್ಜೆ ಚಿಕ್ಕದಾಗಿರುವುದು ಬಡತನದಿಂದ. ಮೇಲಾಗಿ ನಮ್ಮ ದೇಶದ ನೆಲ ತಲೆಗೆ ಸುಮಾರು ಒಂದೇ ಎಕರೆಯಷ್ಟನ್ನು ಕೊಡಬಲ್ಲದು. ಈ ಚಿಕ್ಕ ಹೆಜ್ಜೆಯೂ ಅದಕ್ಕೆ ಭಾರವೇ.

ಹಾಗಾದರೆ ಶ್ರೀಮಂತರಾದ ಮೇಲೆ ಹೆಜ್ಜೆ ಕಿರಿದಾಗುವುದೇ? ಕಲ್ಲಿದ್ದಲಿನಿಂದಲೇ ದೊಡ್ಡದಾದ ಬ್ರಿಟನ್ 2024ರ ಸೆಪ್ಟೆಂಬರಿನಲ್ಲಿ ತನ್ನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು ಮುಚ್ಚಿತು. ಮೆಚ್ಚತಕ್ಕದ್ದೇ. ಆದರೆ ಅಲ್ಲಿಯ ಅಂಗಡಿಯ ಸಾಮಾನು ಚೀನಾದಲ್ಲಿ ತಯಾರಾದರೆ ಹೊಗೆ ಚೀನಾದ ಆಕಾಶಕ್ಕೆ ಹೋಗುತ್ತದೆ. ಹೆಜ್ಜೆಗುರುತಿನ ಲೆಕ್ಕವೋ ಅದನ್ನು ಕೊಂಡವನ ಖಾತೆಗೇ ಬರೆಯುತ್ತದೆ. ಈ ಅಳತೆಯಲ್ಲಿ ನಾನು ಮೆಚ್ಚುವ ಗುಣ ಇದೇ.

ಆದರೆ ಕೊರತೆಯೂ ಉಂಟು. ನಮ್ಮ ಮಡಕಶಿರಾ ಸೀಮೆಗೆ ಹೊಂದಿಕೊಂಡ ಪಾವಗಡವನ್ನೇ ನೋಡಿ. 2019ರ ಕೊನೆಗೆ ಪೂರ್ಣಗೊಂಡ ಅಲ್ಲಿಯ ಸೌರವಿದ್ಯುತ್ ಪಾರ್ಕು ಸುಮಾರು 13,000 ಎಕರೆಗಳಲ್ಲಿದೆ. ಸಾಮರ್ಥ್ಯ 2,050 ಮೆಗಾವ್ಯಾಟ್. ಬರದ ನಾಡಿನ ಬಿಸಿಲಿಗೂ ಬೆಲೆ ಬಂತು! ಹೊಗೆಯಿಲ್ಲದ ವಿದ್ಯುತ್ತು ಬೇಕೇ ಬೇಕು. ಜಮೀನುಳ್ಳವರಿಗೆ ವರ್ಷವರ್ಷವೂ ಗುತ್ತಿಗೆಯ ಹಣ ಬರುತ್ತದೆ. ಅದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ತುಂಡು ಭೂಮಿಯೂ ಇಲ್ಲದ ಕೂಲಿಯವರಿಗೆ ಅದರಲ್ಲಿ ಪಾಲಿಲ್ಲ. ಎಕರೆಗಳನ್ನು ಎಣಿಸುವ ಲೆಕ್ಕ ಅವರನ್ನು ಎಣಿಸುವುದಿಲ್ಲ. ಮುಂದೆ ನಮ್ಮ ಕಡೆಯ ಹೊಲಗಳಿಗೂ ಇಂತಹ ಪಾರ್ಕು ಬರುವುದಾದರೆ, ಕೂಲಿಯವರ ಜೀವನೋಪಾಯದ ಏರ್ಪಾಡನ್ನೂ ಕರಾರು ಪತ್ರದಲ್ಲಿಯೇ ಬರೆಯಿಸಬೇಕೆಂದು ನಮ್ಮ ಹಿರಿಯರು ಮೊದಲೇ ಕೇಳಲಿ.